ಸಿಹಿನೀರಿನ ಅಕಶೇರುಕಗಳ ಮೇಲೆ ರಾಸಾಯನಿಕಗಳ ಅಲ್ಪಾವಧಿ ವಿಷತ್ವ ಪರೀಕ್ಷೆ – ಅರ್ಜಿದಾರರ ಮಾಹಿತಿಗಾಗಿ

ರಾಸಾಯನಿಕಗಳ ನೋಂದಣಿ, ರಫ್ತು ಮತ್ತು ಅಪಾಯ ವರ್ಗೀಕರಣಕ್ಕೆ ಸಂಬಂಧಿಸಿದಂತೆ ಅರ್ಜಿ ಸಲ್ಲಿಸುವವರು ಜಲಜೀವಿಗಳ ವಿಷತ್ವ ವರದಿಯನ್ನು ಲಗತ್ತಿಸಬೇಕಾದ ಸಂದರ್ಭಗಳಿರುತ್ತವೆ. ಇಂತಹ ವರದಿಯಲ್ಲಿ ಬಹುತೇಕ ಅರ್ಜಿದಾರರು ಕೊನೆಯ ಪುಟದ ಒಂದು ಸಂಖ್ಯೆಯನ್ನು ಮಾತ್ರ ಗಮನಿಸುತ್ತಾರೆ. ಸದರಿ ಸಂಖ್ಯೆಯು ಹೇಗೆ ದೊರೆಯುತ್ತದೆ, ಯಾವ ಷರತ್ತುಗಳು ಪೂರೈಸಿದಾಗ ಅದು ಮಾನ್ಯವಾಗುತ್ತದೆ ಹಾಗೂ ಅದರಿಂದ ಏನನ್ನು ತೀರ್ಮಾನಿಸಬಾರದು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ಪರೀಕ್ಷೆಗೆ ಬಳಸುವ ಜೀವಿ

ಬೆನ್ನುಮೂಳೆಯಿಲ್ಲದ ಪ್ರಾಣಿಗಳನ್ನು ಅಕಶೇರುಕಗಳೆಂದು ಕರೆಯಲಾಗುತ್ತದೆ. ಈ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವುದು ನೀರುಚಿಗಟವೆಂದು ಕರೆಯಲಾಗುವ ಡ್ಯಾಫ್ನಿಯಾ ಮ್ಯಾಗ್ನಾ ಎಂಬ ಪುಟ್ಟ ಕಠಿಣಚರ್ಮಿ. ಹೆಸರಿನಲ್ಲಿ ಚಿಗಟವಿದ್ದರೂ ಇದು ಕೀಟವಲ್ಲ. ಸೀಗಡಿ, ಏಡಿಗಳ ಬಳಗಕ್ಕೆ ಸೇರಿದ್ದು. ಇದು ನೀರಿನಲ್ಲಿರುವ ಪಾಚಿಯನ್ನು ಸೋಸಿ ತಿನ್ನುತ್ತದೆ. ಇದನ್ನು ಮೀನಿನ ಮರಿಗಳು ತಿನ್ನುತ್ತವೆ. ನಮ್ಮ ಕೆರೆಕಟ್ಟೆಗಳಲ್ಲಿಯೂ ಇದರ ಹತ್ತಿರದ ಸಂಬಂಧಿಗಳಿವೆ. ಈ ಜೀವಿಗಳು ನಾಶವಾದಲ್ಲಿ ಪಾಚಿ ಹೆಚ್ಚುತ್ತದೆ, ಮೀನಿನ ಆಹಾರ ಕಡಿಮೆಯಾಗುತ್ತದೆ.

2. ಪರೀಕ್ಷಾ ವಿಧಾನ

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ (ಒ.ಇ.ಸಿ.ಡಿ.) ಮಾರ್ಗಸೂಚಿ ಸಂಖ್ಯೆ 202 ರಲ್ಲಿ ಈ ವಿಧಾನವನ್ನು ನಿಗದಿಪಡಿಸಲಾಗಿದೆ. 1984 ರಲ್ಲಿ ಅಂಗೀಕೃತವಾದ ಈ ಮಾರ್ಗಸೂಚಿಯನ್ನು 2004 ರಲ್ಲಿ ಪರಿಷ್ಕರಿಸಲಾಯಿತು. ಇದರ ಮುಖ್ಯಾಂಶಗಳು:

ಅ) ಹುಟ್ಟಿ 24 ಗಂಟೆ ಮೀರದ ಮರಿಗಳನ್ನು ಬಳಸತಕ್ಕದ್ದು. ತಾಯಿಜೀವಿಯ ಮೊದಲ ಸೂಲಿನ ಮರಿಗಳನ್ನು ಬಳಸತಕ್ಕದ್ದಲ್ಲ.
ಆ) ರಾಸಾಯನಿಕದ ಕನಿಷ್ಠ ಐದು ಸಾರತೆಗಳನ್ನು ಪರೀಕ್ಷಿಸತಕ್ಕದ್ದು. ಒಂದು ಸಾರತೆಗೂ ಮುಂದಿನದಕ್ಕೂ ಇರುವ ಅನುಪಾತ 2.2 ನ್ನು ಮೀರದಿರುವುದು ಸೂಕ್ತ.
ಇ) ಪ್ರತಿ ಸಾರತೆಗೆ ಕನಿಷ್ಠ 20 ಮರಿಗಳಿರಬೇಕು, ಇವುಗಳನ್ನು ಐದೈದರಂತೆ ನಾಲ್ಕು ಪಾತ್ರೆಗಳಲ್ಲಿ ಇಡುವುದು ವಾಡಿಕೆ. ರಾಸಾಯನಿಕ ಬೆರೆಸದ ನೀರಿನಲ್ಲಿಯೂ 20 ಮರಿಗಳನ್ನು ಇಡಲಾಗುತ್ತದೆ. ಇದು ನಿಯಂತ್ರಣ ಗುಂಪು.
ಈ) ನೀರಿನ ಉಷ್ಣಾಂಶ 18 ರಿಂದ 22 ಡಿಗ್ರಿ ಸೆಲ್ಸಿಯಸ್ ಒಳಗಿದ್ದು, ಒಂದು ಪರೀಕ್ಷೆಯ ಅವಧಿಯಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ಏರುಪೇರಾಗಬಾರದು.
ಉ) ಮರಿಗಳಿಗೆ ಆಹಾರ ನೀಡುವಂತಿಲ್ಲ, ನೀರಿಗೆ ಗಾಳಿ ಹಾಯಿಸುವಂತಿಲ್ಲ.
ಊ) 24 ಮತ್ತು 48 ಗಂಟೆಗಳಲ್ಲಿ ವೀಕ್ಷಣೆ ನಡೆಸಲಾಗುತ್ತದೆ. ಪಾತ್ರೆಯನ್ನು ಮೆಲ್ಲಗೆ ಅಲುಗಿಸಿದ ನಂತರ 15 ಸೆಕೆಂಡುಗಳೊಳಗೆ ಈಜದ ಮರಿಯನ್ನು, ಅದರ ಮೀಸೆ ಆಡುತ್ತಿದ್ದರೂ ಸಹ, ನಿಶ್ಚಲವೆಂದು ದಾಖಲಿಸಲಾಗುತ್ತದೆ.

ಇಷ್ಟು ಸಣ್ಣ ಜೀವಿ ಸತ್ತಿದೆಯೇ ಎಂದು ಖಚಿತಪಡಿಸುವುದು ಕಷ್ಟವಾದ್ದರಿಂದ, ಸಾವಿನ ಬದಲು ನಿಶ್ಚಲತೆಯನ್ನು ಅಳತೆಗೋಲಾಗಿ ಇರಿಸಿಕೊಳ್ಳಲಾಗಿದೆ.

3. ಫಲಿತಾಂಶ ಮತ್ತು ಅದರ ಅರ್ಥ

48 ಗಂಟೆಗಳಲ್ಲಿ ಅರ್ಧದಷ್ಟು ಮರಿಗಳನ್ನು ನಿಶ್ಚಲಗೊಳಿಸುವ ಸಾರತೆಯನ್ನು ಇಸಿ50 ಎನ್ನಲಾಗುತ್ತದೆ. ಉದಾಹರಣೆಗೆ, ಲೀಟರಿಗೆ 1, 2, 4, 8 ಮತ್ತು 16 ಮಿಲಿಗ್ರಾಂ ಸಾರತೆಗಳಲ್ಲಿ ತಲಾ 20 ಮರಿಗಳ ಪೈಕಿ ಕ್ರಮವಾಗಿ 0, 2, 7, 15 ಮತ್ತು 20 ಮರಿಗಳು ನಿಶ್ಚಲವಾದವು ಎಂದಿಟ್ಟುಕೊಳ್ಳೋಣ. ಅರ್ಧ, ಅಂದರೆ 10 ಮರಿಗಳ ಮಟ್ಟವು 4 ಮತ್ತು 8 ರ ನಡುವೆ ಬರುತ್ತದೆ. ಲೆಕ್ಕ ಹಾಕಿದಲ್ಲಿ ಇಸಿ50 ಸುಮಾರು 5 ಮಿಲಿಗ್ರಾಂ ಎಂದು ದೊರೆಯುತ್ತದೆ.

ಸಂಖ್ಯೆ ಕಡಿಮೆಯಾದಷ್ಟೂ ವಿಷತ್ವ ಹೆಚ್ಚು ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು. ವಿಶ್ವಸಂಸ್ಥೆಯ ಜಾಗತಿಕ ವರ್ಗೀಕರಣ ಪದ್ಧತಿಯಂತೆ ಲೀಟರಿಗೆ 1 ಮಿಲಿಗ್ರಾಂ ಮತ್ತು ಅದಕ್ಕಿಂತ ಕಡಿಮೆ ಬಂದಲ್ಲಿ ತೀವ್ರ ವಿಷತ್ವದ ವರ್ಗ 1, 1 ನ್ನು ಮೀರಿ 10 ರವರೆಗೆ ವರ್ಗ 2, 10 ನ್ನು ಮೀರಿ 100 ರವರೆಗೆ ವರ್ಗ 3. ಮೇಲ್ಕಂಡ ಉದಾಹರಣೆಯ ರಾಸಾಯನಿಕವು ವರ್ಗ 2 ಕ್ಕೆ ಸೇರುತ್ತದೆ. ಕ್ಲೋರ್‌ಪೈರಿಫಾಸ್‌ನಂತಹ ಕೀಟನಾಶಕಗಳ ಇಸಿ50 ಒಂದು ಮೈಕ್ರೋಗ್ರಾಂಗಿಂತಲೂ, ಅಂದರೆ ಮಿಲಿಗ್ರಾಂನ ಸಾವಿರದ ಒಂದು ಭಾಗಕ್ಕಿಂತಲೂ, ಕಡಿಮೆ ಇರುತ್ತದೆ. ಆದ್ದರಿಂದ ವರದಿಯಲ್ಲಿ ಮಿಲಿಗ್ರಾಂ ಇದೆಯೋ ಮೈಕ್ರೋಗ್ರಾಂ ಇದೆಯೋ ಎಂಬುದನ್ನು ಮೊದಲು ಪರಿಶೀಲಿಸುವುದು.

4. ವರದಿಯ ಸಿಂಧುತ್ವ

ಈ ಕೆಳಕಂಡ ಎರಡು ಷರತ್ತುಗಳು ಪೂರೈಸದಿದ್ದಲ್ಲಿ ಪರೀಕ್ಷೆಯು ಅಸಿಂಧುವಾಗುತ್ತದೆ:

ಅ) ನಿಯಂತ್ರಣ ಗುಂಪಿನಲ್ಲಿ ಶೇ. 10 ಕ್ಕಿಂತ ಹೆಚ್ಚು ಮರಿಗಳು ನಿಶ್ಚಲವಾಗಿರಬಾರದು. 20 ರಲ್ಲಿ 2 ಆದರೆ ಸಿಂಧು; 3 ಆದರೆ ಅಸಿಂಧು.
ಆ) ಪರೀಕ್ಷೆಯ ಅಂತ್ಯದಲ್ಲಿ ಎಲ್ಲ ಪಾತ್ರೆಗಳ ನೀರಿನಲ್ಲಿ ಕರಗಿದ ಆಮ್ಲಜನಕವು ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆ ಇರಬಾರದು.

ಕಾರಣ ಸರಳವಾದುದು. ಶುದ್ಧ ನೀರಿನಲ್ಲಿಯೇ ಮರಿಗಳು ಸೋತುಹೋದಲ್ಲಿ ಅಥವಾ ಉಸಿರಾಟಕ್ಕೆ ಆಮ್ಲಜನಕ ಸಾಲದಾದಲ್ಲಿ, ಆದ ಹಾನಿಯನ್ನು ರಾಸಾಯನಿಕದ ಲೆಕ್ಕಕ್ಕೆ ಬರೆಯುವಂತಿಲ್ಲ. ಪ್ರಯೋಗಾಲಯದ ಮರಿಗಳ ಸಂವೇದನೆಯನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸಿ ಪರಿಶೀಲಿಸಬಹುದಾಗಿದ್ದು, ಅದರ 24 ಗಂಟೆಗಳ ಇಸಿ50 ಲೀಟರಿಗೆ 0.6 ರಿಂದ 2.1 ಮಿಲಿಗ್ರಾಂ ಒಳಗೆ ಬರುವುದು ನಿರೀಕ್ಷಿತ.

5. ತಪ್ಪು ತೀರ್ಮಾನಗಳು

ಅ) ಇಸಿ50 ಸುರಕ್ಷಿತ ಮಟ್ಟವಲ್ಲ. ಅದು ಅರ್ಧದಷ್ಟು ಜೀವಿಗಳು ಕೈಬಿಟ್ಟುಹೋಗುವ ಮಟ್ಟ. ಐರೋಪ್ಯ ಒಕ್ಕೂಟದ ಪದ್ಧತಿಯಲ್ಲಿ ಪಾಚಿ, ಡ್ಯಾಫ್ನಿಯಾ ಮತ್ತು ಮೀನು ಇವುಗಳ ಅಲ್ಪಾವಧಿ ಪರೀಕ್ಷೆಗಳು ಮಾತ್ರ ಲಭ್ಯವಿದ್ದಲ್ಲಿ, ಅತಿ ಕಡಿಮೆ ಬಂದ ಸಂಖ್ಯೆಯನ್ನು 1000 ದಿಂದ ಭಾಗಿಸಲಾಗುತ್ತದೆ. ಅದರಂತೆ 5 ಮಿಲಿಗ್ರಾಂ ಇದ್ದದ್ದು 5 ಮೈಕ್ರೋಗ್ರಾಂ ಆಗುತ್ತದೆ.

ಆ) ಒಂದು ಜೀವಿಯ ಫಲಿತಾಂಶ ಎಲ್ಲ ಜೀವಿಗಳಿಗೂ ಅನ್ವಯಿಸುವುದಿಲ್ಲ. ಕರ್ನಾಟಕದ ರೈತರಿಗೂ ಪರಿಚಿತವಾದ ಇಮಿಡಾಕ್ಲೋಪ್ರಿಡ್ ಕೀಟನಾಶಕವು ಇದಕ್ಕೆ ನಿದರ್ಶನ. ಡ್ಯಾಫ್ನಿಯಾ ಮ್ಯಾಗ್ನಾಕ್ಕೆ ಇದರ 48 ಗಂಟೆಗಳ ಇಸಿ50 ಲೀಟರಿಗೆ ಸುಮಾರು 85 ಮಿಲಿಗ್ರಾಂ ಎಂದು ವರದಿಯಾಗಿದೆ. ಈ ಸಂಖ್ಯೆಯೊಂದನ್ನೇ ನೋಡಿದವರು ಇದು ನೀರಿಗೆ ಹೆಚ್ಚಿನ ಹಾನಿ ಮಾಡದೆಂದು ಭಾವಿಸಬಹುದು. ಆದರೆ ಈ ಕೀಟನಾಶಕವು ಕೀಟಗಳ ನರಮಂಡಲದ ಮೇಲೆ ಎರಗುವಂತಹುದು. ಮೇಫ್ಲೈ ಮುಂತಾದ ಜಲಕೀಟಗಳ ಮರಿಗಳು ಲೀಟರಿಗೆ ಕೆಲವೇ ಮೈಕ್ರೋಗ್ರಾಂಗಳಲ್ಲಿ ನಿಶ್ಚಲವಾಗುತ್ತವೆ. ಐರೋಪ್ಯ ಒಕ್ಕೂಟವು ಜೇನುನೊಣಗಳ ರಕ್ಷಣೆಗಾಗಿ ಇದರ ಬಯಲು ಬಳಕೆಯನ್ನು 2018 ರಲ್ಲಿ ನಿಷೇಧಿಸಿತು. ಕೀಟನಾಶಕಗಳ ವಿಷಯದಲ್ಲಿ, ಕೈರೊನೊಮಸ್ ಎಂಬ ನುಸಿಯ ಮರಿಗಳನ್ನು ಬಳಸುವ 2011 ರ ಮಾರ್ಗಸೂಚಿ ಸಂಖ್ಯೆ 235 ರ ಪರೀಕ್ಷೆಯೂ ಇದೆ ಎಂಬುದನ್ನು ಅರಿತಿರುವುದು ಒಳಿತು.

ಇ) ಕಾರ್ಖಾನೆ ತ್ಯಾಜ್ಯನೀರಿನ ಪರೀಕ್ಷೆಯೇ ಬೇರೆ. ಪರಿಸರ (ಸಂರಕ್ಷಣಾ) ನಿಯಮಗಳು, 1986 ರ ಅನುಸೂಚಿ 6 ರಂತೆ, ಬೆರಕೆ ಮಾಡದ ತ್ಯಾಜ್ಯನೀರಿನಲ್ಲಿ 96 ಗಂಟೆಗಳ ನಂತರ ಶೇ. 90 ರಷ್ಟು ಮೀನುಗಳು ಬದುಕಿರಬೇಕು. ಒಂದರ ವರದಿಯನ್ನು ಮತ್ತೊಂದರ ಬದಲಿಗೆ ಬಳಸುವಂತಿಲ್ಲ.

6. ರಫ್ತುದಾರರ ಗಮನಕ್ಕೆ

ಐರೋಪ್ಯ ಒಕ್ಕೂಟದ ರೀಚ್ ನಿಯಮದಡಿ (ಸಂಖ್ಯೆ 1907/2006) ವರ್ಷಕ್ಕೆ 1 ಟನ್ ಮತ್ತು ಮೇಲ್ಪಟ್ಟ ಪ್ರಮಾಣದ ರಾಸಾಯನಿಕಗಳ ನೋಂದಣಿಗೆ ಈ ಪರೀಕ್ಷೆಯ ಮಾಹಿತಿ ಅಗತ್ಯವಿದ್ದು, ಕೆಲವು ವಿನಾಯಿತಿಗಳಿವೆ. ಭಾರತದ ತಯಾರಕರು ಅಲ್ಲಿನ ಆಮದುದಾರರ ಅಥವಾ ಅಲ್ಲಿ ನೇಮಿಸಿದ ಏಕಮಾತ್ರ ಪ್ರತಿನಿಧಿಯ ಮೂಲಕ ನೋಂದಣಿ ಮಾಡಿಸಬೇಕಾಗುತ್ತದೆ.

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿ 2002 ರಲ್ಲಿ ಉತ್ತಮ ಪ್ರಯೋಗಾಲಯ ಪದ್ಧತಿಯ (ಜಿ.ಎಲ್.ಪಿ.) ರಾಷ್ಟ್ರೀಯ ಮೇಲ್ವಿಚಾರಣಾ ಪ್ರಾಧಿಕಾರವನ್ನು ಸ್ಥಾಪಿಸಲಾಯಿತು. 2011 ರಲ್ಲಿ ಭಾರತವು ಒ.ಇ.ಸಿ.ಡಿ.ಯ ದತ್ತಾಂಶ ಪರಸ್ಪರ ಅಂಗೀಕಾರ ವ್ಯವಸ್ಥೆಯ ಪೂರ್ಣ ಪಾಲುದಾರನಾಯಿತು. ಆದ್ದರಿಂದ ಈ ಪ್ರಮಾಣಪತ್ರವಿರುವ ದೇಶೀಯ ಪ್ರಯೋಗಾಲಯದಲ್ಲಿ ವಿಧಿವತ್ತಾಗಿ ನಡೆದ ಪರೀಕ್ಷೆಯನ್ನು ಪಾಲುದಾರ ರಾಷ್ಟ್ರಗಳಲ್ಲಿ ಮತ್ತೆ ನಡೆಸಬೇಕಾಗುವುದಿಲ್ಲ. ಮಾದರಿಯನ್ನು ನೀಡುವ ಮುನ್ನ ಪ್ರಮಾಣಪತ್ರದ ಅವಧಿ ಹಾಗೂ ಅದು ಜಲವಿಷತ್ವ ಪರೀಕ್ಷೆಗಳನ್ನು ಒಳಗೊಂಡಿದೆಯೇ ಎಂಬುದನ್ನು ಪರಿಶೀಲಿಸುವುದು.

7. ಮಾದರಿಯೊಂದಿಗೆ ಪ್ರಯೋಗಾಲಯಕ್ಕೆ ನೀಡಬೇಕಾದ ಮಾಹಿತಿ

ಅ) ರಾಸಾಯನಿಕದ ಹೆಸರು, ರಚನೆ, ಶುದ್ಧತೆಯ ಪ್ರಮಾಣ ಮತ್ತು ಬ್ಯಾಚ್ ಸಂಖ್ಯೆ
ಆ) ನೀರಿನಲ್ಲಿ ಕರಗುವ ಪ್ರಮಾಣ
ಇ) ಆವಿಯಾಗುವ ಗುಣ ಹಾಗೂ ನೀರು, ಬೆಳಕುಗಳಲ್ಲಿ ಸ್ಥಿರತೆ
ಈ) ನೀರಿನಲ್ಲಿ ರಾಸಾಯನಿಕದ ಪ್ರಮಾಣವನ್ನು ಅಳೆಯುವ ವಿಧಾನ

ಇವುಗಳನ್ನು ಕೇವಲ ಔಪಚಾರಿಕತೆಯೆಂದು ಭಾವಿಸಬಾರದು. ರಾಸಾಯನಿಕವು ಆವಿಯಾಗಿ ಅಥವಾ ಗಾಜಿಗೆ ಅಂಟಿಕೊಂಡು ನೀರಿನಲ್ಲಿ ಕಡಿಮೆಯಾದಲ್ಲಿ, ಮರಿಗಳು ಬದುಕಿ ಉಳಿದು ವಿಷಕಾರಿ ವಸ್ತುವೂ ನಿರುಪದ್ರವಿಯಂತೆ ಕಾಣುತ್ತದೆ. ನೀರಿನಲ್ಲಿ ಅಳೆದ ಸಾರತೆಯು ಆರಂಭದ ಸಾರತೆಗಿಂತ ಶೇ. 20 ಕ್ಕೂ ಹೆಚ್ಚು ವ್ಯತ್ಯಾಸವಾದಲ್ಲಿ ಫಲಿತಾಂಶವನ್ನು ಅಳೆದ ಸಾರತೆಯ ಆಧಾರದ ಮೇಲೆಯೇ ನೀಡತಕ್ಕದ್ದು.

ಸೂಚನೆ: ವರದಿಯನ್ನು ಲಗತ್ತಿಸುವ ಮುನ್ನ ಅರ್ಜಿದಾರರು ನಿಯಂತ್ರಣ ಗುಂಪಿನ ಫಲಿತಾಂಶ, ಆಮ್ಲಜನಕದ ಪ್ರಮಾಣ, ಅಳೆದ ಸಾರತೆ ಮತ್ತು ಮಾನದ ಏಕಕ, ಈ ನಾಲ್ಕನ್ನೂ ಸ್ವತಃ ಓದಿಕೊಳ್ಳುವುದು. ಇವು ಸರಿಯಿದ್ದಲ್ಲಿ ಮಾತ್ರ ಕೊನೆಯ ಪುಟದ ಸಂಖ್ಯೆಗೆ ಬೆಲೆಯಿರುತ್ತದೆ.