ನಂಬರ್ 1 ಯಾರು ಅಂತ ಎಣಿಸಿದ್ದು ಯಾರು? (ಭಾಗ 4)

“ಅತಿ ಹೆಚ್ಚು ಮಾರಾಟವಾದ ಆಲ್ಬಂ” ಅಂತ ಓದ್ತೀವಲ್ಲ, ಅದನ್ನ ಎಣಿಸ್ತಿದ್ದದ್ದು ಹೇಗೆ ಗೊತ್ತಾ?

1991ರವರೆಗೆ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯವರು ಕ್ಯಾಸೆಟ್, ಸಿಡಿ ಅಂಗಡಿಗಳಿಗೆ ಫೋನ್ ಮಾಡಿ ಕೇಳೋರು: ಈ ವಾರ ಯಾವುದು ಚೆನ್ನಾಗಿ ಹೋಯ್ತು? ಅಂಗಡಿಯವರು ಹೇಳಿದ್ದೇ ಲೆಕ್ಕ. ಅದರಲ್ಲಿ ಅಂದಾಜೂ ಇರ್ತಿತ್ತು, ಕಂಪನಿಯವರ ಒತ್ತಡವೂ ಇರ್ತಿತ್ತು.

1991ರ ಮೇ 25ರ ಆಲ್ಬಂ ಪಟ್ಟಿಯಿಂದ ಸೌಂಡ್‌ಸ್ಕ್ಯಾನ್ ಬಂತು. ಬಿಲ್ ಹಾಕುವಾಗ ಬಾರ್‌ಕೋಡ್ ಸ್ಕ್ಯಾನ್ ಆದರೆ ಮಾತ್ರ ಮಾರಾಟ.

ಪಟ್ಟಿಯ ಮುಖವೇ ಬದಲಾಯ್ತು! ಜೂನ್‌ನಲ್ಲೇ ಕಾಂಪ್ಟನ್‌ನ ರ‍್ಯಾಪ್ ತಂಡ ಎನ್.ಡಬ್ಲ್ಯೂ.ಎ. ಮೊದಲ ಸ್ಥಾನಕ್ಕೇರಿತು. ಸೆಪ್ಟೆಂಬರ್‌ನಲ್ಲಿ ಗಾರ್ತ್ ಬ್ರೂಕ್ಸ್ ಅವರ ‘ರೋಪಿನ್ ದ ವಿಂಡ್’ ಪಟ್ಟಿಗೆ ಬಂದ ಮೊದಲ ವಾರವೇ ನಂಬರ್ 1. ಕಂಟ್ರಿ ಸಂಗೀತದ ಯಾವ ಆಲ್ಬಮ್ಮಿಗೂ ಅದುವರೆಗೆ ಹಾಗಾಗಿರಲಿಲ್ಲ.

ಈ ಕೇಳುಗರೇನು ರಾತ್ರೋರಾತ್ರಿ ಹುಟ್ಟಿದವರಲ್ಲ. ಮೊದಲೂ ದುಡ್ಡು ಕೊಟ್ಟು ಕೊಳ್ತಾನೇ ಇದ್ದರು, ಪೂರ್ತಿ ಲೆಕ್ಕಕ್ಕೆ ಬಂದಿರಲಿಲ್ಲ ಅಷ್ಟೇ. ಪಟ್ಟಿಯಲ್ಲಿ ಮೇಲಿದ್ದವರಿಗೇ ಅಂಗಡಿಯಲ್ಲಿ ಎದುರಿನ ಜಾಗ, ರೇಡಿಯೋದಲ್ಲಿ ಸಮಯ, ಕಂಪನಿಯಿಂದ ಬಂಡವಾಳ. ಲೆಕ್ಕ ತಪ್ಪಿದರೆ ಕಲಾವಿದರ ಬದುಕೇ ತಪ್ಪುತ್ತೆ.

ಹಾಗಾಗಿ ಇನ್ಮೇಲೆ “ದಾಖಲೆ ಮಾರಾಟ” ಅಂತ ಕಂಡರೆ, ಎಷ್ಟು ಅನ್ನೋದಕ್ಕೆ ಮೊದಲು ಎಣಿಸಿದ್ದು ಹೇಗೆ ಅಂತ ಕೇಳಿ.

ಮುಂದಿನ ಭಾಗ: 1,500 ಸ್ಟ್ರೀಮ್ ಸೇರಿದರೆ ಒಂದು ಆಲ್ಬಂ! 2014ರ ಹೊಸ ಲೆಕ್ಕ 👉