ಹೂ ಕಳಿಸುವವರ ದಾರಿ: ಬ್ರಹ್ಮಾವರದಿಂದ ಬೈಂದೂರಿನವರೆಗೆ

ಕನ್ನಡದಲ್ಲಿ 'ಹಾರ ತುರಾಯಿ' ಎಂಬ ಜೋಡಿ ಪದವಿದೆ. ಸಭೆಗೆ ಬಂದ ಅತಿಥಿಯ ಕೊರಳಿಗೆ ಹಾರ, ಕೈಗೆ ತುರಾಯಿ. ಹಾರ ಸಂಸ್ಕೃತದ್ದು. ತುರಾಯಿ ಅರಬಿ-ಪಾರಸಿಯ 'ತುರ್ರಾ' ಎಂಬ ಪದದಿಂದ ಬಂದದ್ದು. ಪೇಟಕ್ಕೆ ಸಿಕ್ಕಿಸುವ ಕುಚ್ಚಿಗೆ ಆ ಹೆಸರು. ಗುಲಾಬಿಯೂ ಹಾಗೆಯೇ. ಪಾರಸಿಯಲ್ಲಿ ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಪನ್ನೀರಿನ ಹೆಸರೇ ನಮ್ಮಲ್ಲಿ ಹೂವಿಗೆ ಅಂಟಿಕೊಂಡಿತು. ಇನ್ನು ನಮ್ಮದೇ ಎಂದು ನಾವು ಹೆಮ್ಮೆಪಡುವ ಮಲ್ಲಿಗೆಗೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಜಾಸ್ಮಿನಂ ಸಾಂಬಾಕ್. ಮೊದಲರ್ಧ ಪಾರಸಿಯ ಯಾಸಮೀನ್, ಉಳಿದರ್ಧ ಅರಬಿಯ ಝಂಬಕ್. ನಮ್ಮ ಹಿತ್ತಿಲ ಹೂ ಜಗತ್ತಿನ ಪುಸ್ತಕಗಳಲ್ಲಿ ಅರಬಿ-ಪಾರಸಿ ಹೆಸರು ಹೊತ್ತು ನಿಂತಿದೆ. ಹೂ ಎಲ್ಲೆಲ್ಲಿ ಓಡಾಡಿತ್ತು, ಯಾರ ಕೈಯಿಂದ ಯಾರ ಕೈಗೆ ಹೋಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹೂವಿನ ಬಗ್ಗೆ ಹಳೆಯ ಪ್ರವಾಸಿಗರು ಬರೆದದ್ದು ಕಡಿಮೆ. ಮೆಣಸು, ಅಕ್ಕಿ, ಕುದುರೆಗಳ ಲೆಕ್ಕದ ನಡುವೆ ಬೆಳಗ್ಗೆ ಅರಳಿ ಸಂಜೆಗೆ ಬಾಡುವ ಸರಕನ್ನು ಯಾರು ಗಮನಿಸುತ್ತಾರೆ? 14ನೇ ಶತಮಾನದಲ್ಲಿ ನಮ್ಮ ಕರಾವಳಿಯಲ್ಲಿ ಹಾದುಹೋದ ಇಬ್ನ್ ಬತೂತ ಬಸರೂರನ್ನೂ ಬಾರಕೂರನ್ನೂ ತನ್ನದೇ ಉಚ್ಚಾರದಲ್ಲಿ ದಾಖಲಿಸಿದ. ಒಂದು ಕಡೆ ತೆಂಗು, ಇನ್ನೊಂದು ಕಡೆ ಕಬ್ಬು ಅವನ ಕಣ್ಣಿಗೆ ಬಿದ್ದವು. ಹೂವನ್ನು ನಿಂತು ನೋಡಿದವನು ಅಬ್ದುರ್ರಝಾಕ್. ಹೆರಾತ್‌ನ ಸುಲ್ತಾನ ಶಾರುಖನ ರಾಯಭಾರಿಯಾಗಿ, ಮಂಗಳೂರಿನ ದಾರಿಯಾಗಿ ಘಟ್ಟ ಹತ್ತಿ 1443ರಲ್ಲಿ ಆತ ವಿಜಯನಗರ ತಲುಪಿದ. ಅಲ್ಲಿಯ ಪೇಟೆಯಲ್ಲಿ ಗುಲಾಬಿ ಎಲ್ಲೆಂದರಲ್ಲಿ ಮಾರಾಟವಾಗುವುದನ್ನು ಕಂಡು, ಈ ಜನರಿಗೆ ಅನ್ನದಷ್ಟೇ ಹೂವೂ ಅಗತ್ಯ ಎಂಬ ಅರ್ಥದಲ್ಲಿ ಬರೆದ. ಆಗ ಬಾರಕೂರು ವಿಜಯನಗರದ ಒಂದು ಪ್ರಾಂತ್ಯದ ರಾಜಧಾನಿ. ಇಂದು ಅದು ಬ್ರಹ್ಮಾವರ ತಾಲೂಕಿನ ಒಂದು ಹಳ್ಳಿ.

ಈಗ 'ತುರಾಯಿ' ಎಂಬ ಪದವನ್ನು ಆಮಂತ್ರಣ ಪತ್ರಿಕೆಗಳಲ್ಲಿ ಮಾತ್ರ ನೋಡುತ್ತೇವೆ. ಅಂಗಡಿಯಲ್ಲಿ ಕೇಳುವುದು 'ಬೊಕೆ'. ದುಬೈಯಲ್ಲೋ ದಮಾಮ್‌ನಲ್ಲೋ ಇರುವ ಮಗ ಅಲ್ಲಿಂದಲೇ ಹಣ ಕಟ್ಟುತ್ತಾನೆ, ಕುಂದಾಪುರದ ಅಂಗಡಿಯ ಹುಡುಗ ಸ್ಕೂಟರಿನಲ್ಲಿ ತಾಯಿಯ ಮನೆಗೆ ಬೊಕೆಯನ್ನೋ ಕುಂಡದ ಗಿಡವನ್ನೋ ತಲುಪಿಸುತ್ತಾನೆ. ಇದನ್ನು ಅಂತರ್ಜಾಲದ ಪವಾಡ ಎಂದು ತಿಳಿದವರಿದ್ದಾರೆ. ಪದ್ಧತಿ ನೂರು ವರ್ಷ ದಾಟಿದ್ದು. 1908ರಲ್ಲಿ ಬರ್ಲಿನ್ ನಗರದ ಹೂವಿನ ವ್ಯಾಪಾರಿ ಮ್ಯಾಕ್ಸ್ ಹ್ಯೂಬ್ನರ್ ಇದನ್ನು ಆರಂಭಿಸಿದ. ದೂರದ ಊರಿಗೆ ಹೂ ಕಳಿಸಿದರೆ ಬಾಡುತ್ತದೆ. ಹಾಗಾಗಿ ಹೂವನ್ನು ಕಳಿಸುವುದೇ ಬೇಡ, ಆ ಊರಿನ ವ್ಯಾಪಾರಿಗೆ ಸುದ್ದಿ ಕಳಿಸೋಣ, ಅವನು ತನ್ನ ಅಂಗಡಿಯ ಹೂ ಕೊಡಲಿ, ಲೆಕ್ಕ ಆಮೇಲೆ ಚುಕ್ತಾ ಮಾಡೋಣ ಎಂಬುದು ಅವನ ಉಪಾಯ. ಎರಡು ವರ್ಷಗಳ ನಂತರ, 1910ರಲ್ಲಿ, ಅಮೆರಿಕದ ವ್ಯಾಪಾರಿಗಳು ತಂತಿಯ ಮೂಲಕ ಇದೇ ಕೆಲಸ ಮಾಡುವ ಸಂಘ ಕಟ್ಟಿದರು. 1923ರಲ್ಲಿ ಬ್ರಿಟನ್ನಿಗೂ ಬಂತು.

ನಮ್ಮಲ್ಲಿ ತಂತಿ ಇತ್ತು, ಹೂ ಇರಲಿಲ್ಲ. ಮದುವೆಗೆ ಬರಲಾಗದವರು ಅಂಚೆ ಕಚೇರಿಗೆ ಹೋಗಿ ಶುಭಾಶಯದ ತಂತಿ ಕೊಡುತ್ತಿದ್ದರು. ಇಂಥಿಂಥ ಹಾರೈಕೆಗೆ ಇಂಥಿಂಥ ಸಂಖ್ಯೆ ಎಂದು ಪಟ್ಟಿಯಿತ್ತು. ಸಂಖ್ಯೆ ಹೇಳಿದರೆ ಸಾಕು, ಆ ಕಡೆ ವಾಕ್ಯವಾಗಿ ಇಳಿಯುತ್ತಿತ್ತು. 2013ರ ಜುಲೈಯಲ್ಲಿ ತಂತಿ ಸೇವೆಯೇ ಮುಗಿಯಿತು.

ಆದರೆ ನಮ್ಮ ಕರಾವಳಿ ಬರ್ಲಿನ್ನಿನವನ ಉಪಾಯಕ್ಕೆ ತದ್ವಿರುದ್ಧವಾದ ಇನ್ನೊಂದು ದಾರಿಯನ್ನು ತನ್ನಷ್ಟಕ್ಕೆ ಕಂಡುಕೊಂಡಿತ್ತು. ಅಲ್ಲಿ ಸುದ್ದಿ ಹೋಗುತ್ತದೆ, ಹೂ ಇದ್ದಲ್ಲೇ ಇರುತ್ತದೆ. ಇಲ್ಲಿ ಹೂವೇ ಹೋಗುತ್ತದೆ. ಯಾಕೆಂದರೆ ಮುಂಬಯಿಯ ಅಂಗಡಿಯಲ್ಲಿ ಸಿಗುವ ಮಲ್ಲಿಗೆ ಊರಿನ ಮಲ್ಲಿಗೆಯಲ್ಲ. ಊರಿನ ಹೆಣ್ಣುಮಗಳಿಗೆ ಬೇಕಾದದ್ದು ಶಂಕರಪುರದ್ದೇ, ಇಲ್ಲವೇ ಭಟ್ಕಳದ್ದೇ.

ಭೂಪಟ ಬಿಡಿಸಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಬ್ರಹ್ಮಾವರದ ದಕ್ಷಿಣಕ್ಕೆ, ಉಡುಪಿಯನ್ನು ದಾಟಿದರೆ, ಶಂಕರಪುರ. ಬೈಂದೂರಿನ ಉತ್ತರಕ್ಕೆ, ಶಿರೂರನ್ನು ದಾಟಿದರೆ, ಭಟ್ಕಳ. ಎರಡೂ ಮಲ್ಲಿಗೆಯ ಊರುಗಳೇ. ನಡುವೆ ಕುಂದಾಪುರ, ಅದರಿಂದ ಸುಮಾರು 8 ಕಿ.ಮೀ. ಆಚೆ ಸೇವಂತಿಗೆಯ ಹೆಮ್ಮಾಡಿ. ಎರಡು ಮಲ್ಲಿಗೆಗಳ ನಡುವಿನ ಈ ಪಟ್ಟಿಯ ಅಂಗಡಿಗಳಿಗೆ ದಕ್ಷಿಣದಿಂದಲೂ ಹೂ ಬರುತ್ತದೆ, ಉತ್ತರದಿಂದಲೂ ಬರುತ್ತದೆ.

ಶಂಕರಪುರದ ಮಲ್ಲಿಗೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಶಂಕರಪುರ, ಬಂಟಕಲ್ಲು, ಶಿರ್ವ, ಬೆಳ್ಮಣ್ಣು, ಮೂಡುಬೆಳ್ಳೆಯ ಸುತ್ತಮುತ್ತ ಕ್ರೈಸ್ತ ಕುಟುಂಬಗಳು ಮನೆಯಂಗಳದಲ್ಲಿ, ಹತ್ತಿಪ್ಪತ್ತು ಸೆಂಟ್ಸ್ ಜಾಗದಲ್ಲಿ ಇದನ್ನು ಬೆಳೆಸುತ್ತಾ ಬಂದವು. ಆಮೇಲೆ ಉಳಿದವರೂ ಕೈಹಾಕಿದರು. ಸೆಗಣಿ, ನೆಲಗಡಲೆ ಹಿಂಡಿ ಇದರ ಆಹಾರ. ಗಿಡವೊಂದು ಹತ್ತು-ಹದಿನೈದು ವರ್ಷ ಹೂ ಕೊಡುತ್ತದೆ. ಬೆಳಕು ಹರಿಯುವ ಹೊತ್ತಿಗೆ, ಅರಳುವ ಮುನ್ನವೇ, ಮೊಗ್ಗನ್ನು ಕೊಯ್ಯಬೇಕು. ಮನೆಯ ಹೆಂಗಸರು, ಮಕ್ಕಳು, ಮುದುಕರು ಸುತ್ತ ಕುಳಿತು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಲೆಕ್ಕ ಬಿಗಿ. 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಮೊಗ್ಗುಗಳನ್ನು ಯಾರದೋ ಬೆರಳು ಒಂದೊಂದಾಗಿ ಮುಟ್ಟಿದೆ. ಮಧ್ಯಾಹ್ನದೊಳಗೆ ಹೂ ಶಂಕರಪುರದ ಕಟ್ಟೆ ಸೇರಬೇಕು. ಆ ದಿನದ ದರ ಅಲ್ಲಿ ನಿಗದಿಯಾಗುತ್ತದೆ. ಕರಾವಳಿಯ ಪತ್ರಿಕೆಗಳು ಅಡಿಕೆ ಧಾರಣೆ ಪ್ರಕಟಿಸುವಂತೆ ಮಲ್ಲಿಗೆಯ ದರವನ್ನೂ ಪ್ರಕಟಿಸುತ್ತವೆ. ಮದುವೆಗಳೂ ಜಾತ್ರೆಗಳೂ ಒಟ್ಟಿಗೆ ಬಿದ್ದು ಹೂ ಕಡಿಮೆಯಾದರೆ ಅಟ್ಟೆಗೆ ಸಾವಿರ ದಾಟಿ ಏರುತ್ತದೆ. ಮದುವೆಯಿಲ್ಲದ ದಿನಗಳಲ್ಲಿ ಕಟ್ಟಿದ ಕೂಲಿಯೂ ಹುಟ್ಟದಷ್ಟು ಇಳಿಯುತ್ತದೆ. 2007-08ರ ಸಾಲಿನಲ್ಲಿ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳ ಜೊತೆ 'ಉಡುಪಿ ಮಲ್ಲಿಗೆ' ಎಂಬ ಹೆಸರಿನಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಕಟ್ಟುವ ಬೆರಳುಗಳಿಗೆ ಸಿಗುವ ಪಾಲು ಆ ಮಾನ್ಯತೆಯಿಂದ ಹೆಚ್ಚಿತೇ ಎಂದು ಕೇಳುವ ಹಕ್ಕು ನಮಗಿದೆ ಎಂದುಕೊಳ್ಳುತ್ತೇವೆ.

ಇಂಥ ನಾಜೂಕಿನ ಸರಕು ದೂರ ಹೋದದ್ದು ಬಸ್ಸಿನಿಂದ. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ 1914ರಲ್ಲಿ ಮಂಗಳೂರಿನಲ್ಲಿ ಶುರುವಾದಂದಿನಿಂದ ಖಾಸಗಿ ಬಸ್ಸೇ ನಮ್ಮ ಕರಾವಳಿಯ ಜೀವನಾಡಿ. ಆದರೂ ಹೊಳೆಗಳಿಗೆ ಸೇತುವೆಯಾಗುವ ತನಕ ಕುಂದಾಪುರದ ಕಡೆಗೆ ಹೊರಟ ಪ್ರಯಾಣಿಕ ಇಳಿದು, ದೋಣಿ ಹತ್ತಿ, ಮತ್ತೆ ಹತ್ತಬೇಕಿತ್ತು. ಪಂಚಗಂಗಾವಳಿಯ ಊರಿನಲ್ಲಿ ಹೊಳೆಗೇನು ಬರ? ಸೇತುವೆಗಳಾದ ಮೇಲೆ ಬಾಳೆಎಲೆಯಲ್ಲಿ ಸುತ್ತಿದ ಹೂವಿನ ಕಟ್ಟು ಕಂಡಕ್ಟರನ ಕೈಸೇರಿ ಊರೂರಿಗೆ ಇಳಿಯತೊಡಗಿತು. ರಶೀದಿ ಇಲ್ಲ, ಕಾಗದವಿಲ್ಲ. ಅಂಗಡಿಯವನ ಹೆಸರು ಹೇಳಿ ಕೊಟ್ಟರೆ ನಿಲ್ದಾಣದಲ್ಲಿ ಅವನ ಕೈಗೇ ಸೇರುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದು ಬಾರಕೂರು, ಕುಂದಾಪುರ, ಬೈಂದೂರುಗಳಿಂದ ಮುಂಬಯಿ ಒಂದು ರಾತ್ರಿಯ ದಾರಿಯಾಯಿತು. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಬಂತು. ಬೆಳಗ್ಗೆ ಗಿಡದಲ್ಲಿದ್ದ ಮೊಗ್ಗು ಕೊಲ್ಲಿಯ ಊರಿನ ಮುಡಿಯಲ್ಲಿ ಅರಳುವುದಕ್ಕೆ ಅಡ್ಡಿ ಉಳಿಯಲಿಲ್ಲ.

ಭಟ್ಕಳ ಮಲ್ಲಿಗೆಯ ದಾರಿ ಬೇರೆ. ಭಟ್ಕಳ, ಶಿರೂರು ಕಡೆಯ ನವಾಯತರ ಮದುವೆ ಮನೆಯಲ್ಲಿ ಹೂವಿಲ್ಲದ ವಧುವನ್ನು ಊಹಿಸುವುದು ಕಷ್ಟ. ದಖನಿ ಮುಸ್ಲಿಮರಲ್ಲಿ ವರನ ಮುಖದ ಮೇಲೆ ಇಳಿಬಿಡುವ ಸೆಹ್ರಾ ಇನ್ನೊಂದು ಕುಸುರಿ. ಬ್ಯಾರಿ ಮನೆಗಳಲ್ಲೂ ಮದುಮಗಳ ಜಡೆಗೆ ಮಲ್ಲಿಗೆಯೇ. ಯಾರಾದರೂ ಸುಗಂಧದ ಎಸಳು ಕೊಟ್ಟರೆ ಬೇಡವೆನ್ನಬಾರದು, ಹೊರಲು ಹಗುರ, ಪರಿಮಳ ಹಿತ ಎಂಬ ಅರ್ಥದ ಪ್ರವಾದಿ ವಚನವನ್ನು ಹಿರಿಯರು ನೆನಪಿಸುವುದುಂಟು. ಗೋರಿಗೆ ಹೂವಿನ ಚಾದರ ಹೊದಿಸುವ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಇಲ್ಲಿ ಬೇಡ. ಚಾದರಕ್ಕೆ ಹೂ ಕಟ್ಟಿ ಬದುಕಿದವರು ನಮ್ಮಲ್ಲಿ ಇದ್ದರು, ಇದ್ದಾರೆ ಎಂಬುದಷ್ಟೇ ಇಲ್ಲಿ ಮುಖ್ಯ. ಕರ್ನಾಟಕದ ಹಿಂದುಳಿದ ವರ್ಗಗಳ ಪ್ರವರ್ಗ-1ರ ಪಟ್ಟಿಯನ್ನು ತೆರೆದರೆ ಪಿಂಜಾರ, ನದಾಫ್‌ಗಳ ಸಾಲಿನಲ್ಲಿ 'ಫುಲ್‌ಮಾಲಿ (ಮುಸ್ಲಿಂ)' ಎಂಬ ಹೆಸರೂ, ಅತ್ತರಿನವರಾದ 'ಅಥಾರಿ' ಎಂಬ ಹೆಸರೂ ಕಾಣುತ್ತವೆ. ಘಟ್ಟದ ಮೇಲಿನ ಹೂಗಾರರ ಕಸುಬಿನ ಬಗ್ಗೆ ಒಂದಿಷ್ಟಾದರೂ ಬರವಣಿಗೆ ಇದೆ. ಫುಲ್‌ಮಾಲಿಗಳು ಪಟ್ಟಿಯಲ್ಲಿ ಮಾತ್ರ ಉಳಿದಂತಿದೆ.

ಇನ್ನು ಹೆಮ್ಮಾಡಿ. ಹೆಮ್ಮಾಡಿ, ಕಟ್‌ಬೇಲ್ತೂರು ಸುತ್ತಿನ ಗದ್ದೆಗಳಲ್ಲಿ ಭತ್ತದ ಬೆಳೆಯ ಆಚೀಚೆ ಸೇವಂತಿಗೆ ನೆಡುವ ಪದ್ಧತಿ ತಲೆಮಾರುಗಳದ್ದು. ಘಟ್ಟದ ಮೇಲಿನಿಂದ ಬರುವ ದಪ್ಪ ಸೇವಂತಿಗೆಯಲ್ಲ ಇದು. ಸಣ್ಣ, ಹಳದಿ, ಗಾಢ ಪರಿಮಳದ ಹೂ. ತೂಕಕ್ಕಲ್ಲ, ಎಣಿಕೆಗೆ ಮಾರಾಟ. ಸಾವಿರ ಹೂವಿಗೆ ಇಷ್ಟು ಎಂದು. ಇದರ ಇಡೀ ಬದುಕು ಒಂದು ಜಾತ್ರೆಗೆ ಕಟ್ಟಿಕೊಂಡಿದೆ. ಜನವರಿಯ ಮಕರ ಸಂಕ್ರಾಂತಿಗೆ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆ. ಹೋದವರು ಸೇವಂತಿಗೆ ಒಪ್ಪಿಸದೆ ಬರುವುದಿಲ್ಲ. ಆಮೇಲೆ ಆಸುಪಾಸಿನ ಜಾತ್ರೆ, ಕೆಂಡೋತ್ಸವಗಳಿಗೆ ಉಳಿದ ಹೂ. ಸೇವಂತಿಗೆ ಹಗಲು ಗಿಡ್ಡವಾದಾಗ ಮೊಗ್ಗು ಬಿಡುವ ಗಿಡ. ಚಳಿ, ಇಬ್ಬನಿ, ಮೋಡ ಎಲ್ಲವೂ ಅದನ್ನು ಹಿಂದುಮುಂದು ಮಾಡುತ್ತವೆ. ಡಿಸೆಂಬರಿನಲ್ಲಿ ಅಕಾಲ ಮಳೆ ಸುರಿದ ವರ್ಷಗಳಲ್ಲಿ ಜಾತ್ರೆ ಮುಗಿದ ಮೇಲೆ ಗದ್ದೆ ಹಳದಿಯಾದದ್ದುಂಟು. ಹತ್ತು ದಿನ ತಡವಾದ ಹೂವಿಗೆ ಬೆಲೆಯೆಲ್ಲಿ? ಮೂರು ತಿಂಗಳ ದುಡಿಮೆ ಗದ್ದೆಯಲ್ಲೇ ಒಣಗುತ್ತದೆ. ಈ ಬೆಳೆಗಾರರಿಗೆ ಬೇಕಾದ ನೆರವು ಬೊಕೆಯ ಅಂಗಡಿಯಿಂದ ಬರುವುದಿಲ್ಲ. ಬ್ರಹ್ಮಾವರದಲ್ಲೇ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿರುವಾಗ ನಿರೀಕ್ಷೆ ಅತ್ತ ಹೋಗುವುದು ಸಹಜ.

ಬೊಕೆಯ ಹೂವಿಗೆ ನಮ್ಮ ಊರಿನ ಮಣ್ಣಿನ ಗುರುತೇ ಇಲ್ಲ. ಗುಲಾಬಿ, ಜರ್ಬೆರಾಗಳು ಬೆಂಗಳೂರು, ಹೊಸೂರು ಕಡೆಯ ಹಸಿರುಮನೆಗಳಲ್ಲಿ ಬೆಳೆದು, ರಾತ್ರಿ ಬಸ್ಸಿನಲ್ಲಿ ಘಟ್ಟ ಇಳಿದು, ಬೆಳಗ್ಗೆ ಕುಂದಾಪುರದಲ್ಲಿ ಪ್ಲಾಸ್ಟಿಕ್ ಕಾಗದ ಸುತ್ತಿಸಿಕೊಳ್ಳುತ್ತವೆ. ನಮಗೆ ಅವುಗಳ ಮೇಲೆ ಹಗೆಯಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಮಲ್ಲಿಗೆಯ ಚೆಂಡು ಕೊಡಲಾಗುವುದಿಲ್ಲ, ಅದು ಮುಡಿಯ ಹೂ. ಬೊಕೆಯಾದರೆ ಗಂಡು ಹೆಣ್ಣು, ಆ ಧರ್ಮ ಈ ಧರ್ಮ ಎನ್ನದೆ ಯಾರಿಗೂ ಕೊಡಬಹುದು. ಅಷ್ಟು ಅನುಕೂಲ ಅದಕ್ಕಿದೆ.

ಮಲ್ಲಿಗೆಗೂ ಆ ಗುಣ ಇತ್ತು, ಬೇರೆ ಬಗೆಯಲ್ಲಿ. ಕ್ರೈಸ್ತರ ಅಂಗಳದಲ್ಲಿ ಬೆಳೆದದ್ದು ನಾಗನ ಬನಕ್ಕೂ ಹೋಯಿತು, ನಿಕಾಹ್‌ನ ಮನೆಗೂ ಹೋಯಿತು. ಮೂಲ್ಕಿಯ ಬಪ್ಪನಾಡು ಇದಕ್ಕೆ ತಕ್ಕ ಊರು. ಅಲ್ಲಿಯ ದುರ್ಗಾಪರಮೇಶ್ವರಿ ದೇವಾಲಯವನ್ನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಕಟ್ಟಿಸಿದನೆಂಬುದು ಐತಿಹ್ಯ. ಆ ಮನೆತನಕ್ಕೆ ಪ್ರಸಾದ ಸಲ್ಲುವ ರೂಢಿಯಿದೆ. ವಾರ್ಷಿಕ ಜಾತ್ರೆಯ ಶಯನೋತ್ಸವದಂದು ದೇವಿಗೆ ಭಕ್ತರು ಒಪ್ಪಿಸುವ ಮಲ್ಲಿಗೆಯ ರಾಶಿ ಕರಾವಳಿಯಲ್ಲಿ ಬೇರೆಲ್ಲೂ ಕಾಣದಷ್ಟು. ಅದೇ ಬಪ್ಪನಾಡಿನ ಜಾತ್ರೆಯಲ್ಲಿ, 2022ರ ಮಾರ್ಚ್‌ನಲ್ಲಿ, ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಬ್ಯಾನರು ನೇತಾಡಿತು. ಅದೇ ತಿಂಗಳು ಕಾಪುವಿನ ಮಾರಿಜಾತ್ರೆಯಲ್ಲೂ ಅವರಿಗೆ ಅಂಗಡಿಯ ಜಾಗ ಸಿಗಲಿಲ್ಲ. ಹಿಂದೂ ಧಾರ್ಮಿಕ ಸಂಸ್ಥೆಗಳ ಕಾನೂನಿನ 2002ರ ನಿಯಮವೊಂದನ್ನು ವಿಧಾನಸಭೆಯಲ್ಲಿ ಆಧಾರವಾಗಿ ತೋರಿಸಲಾಯಿತು. ಜಾತ್ರೆಯಿಂದ ಜಾತ್ರೆಗೆ ಗಂಟು ಹೊತ್ತು ತಿರುಗುವ ಬಡ ವ್ಯಾಪಾರಿಗೆ ಆ ವರ್ಷದ ಬೇಸಗೆ ಹೇಗೆ ಕಳೆಯಿತೋ. ಅದಕ್ಕೆ ಎರಡು ವರ್ಷ ಮುಂಚೆ, 2020ರ ಲಾಕ್‌ಡೌನ್‌ನಲ್ಲಿ, ಬಸ್ಸು ನಿಂತು, ದೇವಸ್ಥಾನ ಮುಚ್ಚಿ, ಮದುವೆಗಳು ಮುಂದೆ ಹೋಗಿ, ಅಂಗಳದ ಮಲ್ಲಿಗೆ ಕೊಯ್ಯುವವರಿಲ್ಲದೆ ಗಿಡದಲ್ಲೇ ಉದುರಿತ್ತು. ಬೆಳೆದವರಿಗೂ ಮಾರುವವರಿಗೂ ಆಗ ಕಷ್ಟ ಒಂದೇ ಆಗಿತ್ತು.

ಮಾರಣಕಟ್ಟೆಯ ಜಾತ್ರೆ ಮುಗಿದ ಮೇಲೆ ಹೆಮ್ಮಾಡಿಯ ಗದ್ದೆಗೆ ಯಾರೂ ಹೋಗುವುದಿಲ್ಲ, ಬೆಳೆಗಾರನ ಹೊರತು. ಹೂ ಕೊಟ್ಟು ಸೊರಗಿದ ಗಿಡದ ಬುಡದಲ್ಲಿ ಸಣ್ಣ ಕಂದುಗಳು ಒಡೆದಿರುತ್ತವೆ. ಮುಂದಿನ ವರ್ಷದ ಬೆಳೆ ಅವುಗಳಿಂದಲೇ. ಮಳೆಗಾಲದಲ್ಲಿ ನೀರು ನಿಲ್ಲದ ಎತ್ತರದ ಜಾಗ ಹುಡುಕಿ ಅವನ್ನು ಉಳಿಸಿಕೊಳ್ಳಬೇಕು. ಮಳೆ ಇಳಿದ ಮೇಲೆ ಮತ್ತೆ ಗದ್ದೆಗೆ.