ಉಡುಗೆಯ ಹೆಸರು ಯಾರದು?

ಸಿರಿವಂತರ ಉಡುಪನ್ನು ಉಳಿದವರು ಅನುಕರಿಸುವುದು ಲೋಕರೂಢಿ. ಲಂಡನ್ನಿನ ತರುಣರು ಈ ರೂಢಿಯನ್ನು ತಲೆಕೆಳಗು ಮಾಡಿದರು. 1955ರಲ್ಲಿ ಮೇರಿ ಕ್ವಾಂಟ್ ಎಂಬ ತರುಣಿ ಕಿಂಗ್ಸ್ ರಸ್ತೆಯಲ್ಲಿ ‘ಬಜಾರ್’ ಎಂಬ ಅಂಗಡಿ ತೆರೆದು, ತನ್ನ ಓರಗೆಯವರಿಗೆ ಒಪ್ಪುವ ಬಟ್ಟೆಗಳನ್ನು ಮಾರಿದಳು. 1979ರಲ್ಲಿ ಕೋವೆಂಟ್ ಗಾರ್ಡನ್ನಿನ ‘ಬ್ಲಿಟ್ಜ್’ ಪಾನಗೃಹದಲ್ಲಿ ಮಂಗಳವಾರದ ರಾತ್ರಿ ನೃತ್ಯಕೂಟಗಳು ಮೊದಲಾದವು. ಬಾಗಿಲಲ್ಲಿ ನಿಂತ ಸ್ಟೀವ್ ಸ್ಟ್ರೇಂಜ್ ಹಣವನ್ನು ನೋಡಲಿಲ್ಲ. ವೇಷವನ್ನು ನೋಡಿ ಒಳಗೆ ಬಿಟ್ಟ. ಬಂದವರಲ್ಲಿ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯ ವಿದ್ಯಾರ್ಥಿಗಳು ಅನೇಕರು. ಕೈಯಲ್ಲಿ ಕಾಸಿಲ್ಲದ ಅವರು ಹಳೆಯ ಬಟ್ಟೆಗಳನ್ನು ಕತ್ತರಿಸಿ ತಾವೇ ಹೊಲಿದುಕೊಂಡರು. ಆ ಕೂಟದವನೇ ಆದ ಸ್ಟೀಫನ್ ಜೋನ್ಸ್ 1980ರಲ್ಲಿ ಟೋಪಿಯಂಗಡಿ ಇಟ್ಟ. ಅದೇ ಶಾಲೆಯ ಜಾನ್ ಗಲಿಯಾನೋ 1984ರಲ್ಲಿ ಪದವಿಗಾಗಿ ರಚಿಸಿದ ಉಡುಪುಗಳಷ್ಟನ್ನೂ ಬ್ರೌನ್ಸ್ ಅಂಗಡಿ ಕೊಂಡುಕೊಂಡಿತು.

ನಾವಿರುವ ದಿಲ್ಲಿಯ ಕಥೆ ಬೇರೆ. ಇಲ್ಲಿ ಹೊಸ ಉಡುಪಿಗೆ ನೃತ್ಯಕೂಟಕ್ಕಿಂತ ಮದುವೆಯ ಮನೆಯೇ ಹೆಚ್ಚಿನ ಆಶ್ರಯ. 1986ರಲ್ಲಿ ಸರ್ಕಾರವು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯನ್ನು ಇಲ್ಲಿ ಸ್ಥಾಪಿಸಿತು. ರಿತು ಬೇರಿಯವರು ಅದರ ಮೊದಲ ತಂಡದವರು. ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಚರಿತ್ರೆ ಓದಿದ ರೋಹಿತ್ ಬಲ್ 1990ರಲ್ಲಿ ತಮ್ಮದೇ ಹೆಸರಿನ ಉಡುಪುಗಳನ್ನು ಹೊರತಂದರು. ಅವರು ತೀರಿಕೊಂಡದ್ದು 2024ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ. 2000ದಲ್ಲಿ ಭಾರತದ ಮೊದಲ ಫ್ಯಾಷನ್ ಸಪ್ತಾಹ ಜರುಗಿದುದೂ ಈ ನಗರದಲ್ಲಿಯೇ.

ಈ ತರುಣರಿಗೆ ಮೂಲಧನವಾಗಿ ಒದಗಿದುದು ದೇಶದ ಕೈಕಸುಬು: ಜರ್ದೋಸಿ, ಚಿಕನ್ ಕಸೂತಿ, ಖಾದಿ, ಕೈಮಗ್ಗ. ಆ ಕಸುಬುಗಳನ್ನು ಎತ್ತಿ ನಿಲ್ಲಿಸಿದವರಲ್ಲಿ ಕನ್ನಡನಾಡಿನ ಮಗಳೊಬ್ಬಳು ಅಗ್ರಗಣ್ಯಳೆಂಬುದನ್ನು ನಾವು ಮರೆಯಲಾಗದು. 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆ ವಹಿಸಿ, ಊರೂರು ತಿರುಗಿ ಕುಶಲಕರ್ಮಿಗಳನ್ನು ಹುಡುಕಿ, ಅವರ ಕೆಲಸಕ್ಕೆ ದಿಲ್ಲಿಯ ಮಾರುಕಟ್ಟೆಯನ್ನು ತೆರೆದುಕೊಟ್ಟರು.

ಆದರೆ ಒಂದು ಭೇದವುಂಟು. ಲಂಡನ್ನಿನ ಬಡ ವಿದ್ಯಾರ್ಥಿ ತಾನೇ ಹೊಲಿದ. ಹೆಸರನ್ನೂ ತಾನೇ ಪಡೆದ. ದಿಲ್ಲಿಯ ಉಡುಪಿನ ಮೇಲೆ ಸೂಜಿ ಹಿಡಿದವನ ಹೆಸರು ಕಾಣುವುದು ಅಪರೂಪ. ದುಡಿಮೆ ಹಲವರದು, ಜಮೆ ಮಾತ್ರ ಒಬ್ಬರ ಖಾತೆಗೆ ಎಂದರೆ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮ್ಮಂಥವರಿಗೆ ಅದು ಸರಿಯೆನಿಸದು. ಇಳಕಲ್ಲಿನ ಸೀರೆಯುಟ್ಟು ಉತ್ಸವಕ್ಕೆ ಬರುವ ಸೋದರಿಯರೂ ಅದನ್ನು ಕೊಡಿಸುವ ಸೋದರರೂ, ಕೊಳ್ಳುವಾಗ ನೆಯ್ದವರ ಹೆಸರನ್ನೊಮ್ಮೆ ವಿಚಾರಿಸಲಿ. ಕೇಳುವವರು ಹೆಚ್ಚಿದಂತೆ ಅಂಗಡಿಯವರೂ ತಿಳಿದು ಹೇಳಬೇಕಾದೀತು.